ಕವುಚಿಟ್ಟ ತಟ್ಟೆ

ದೆವ್ವ, ಭೂತ, ಕನಸಿನಲ್ಲಿ ಬಂದು ಮಾತಾಡುವ ಅಜ್ಜ ಅಜ್ಜಿಯರು, ಇವರ ಮೇಲೆಲ್ಲ ನನಗೆ ಎಂದೂ ನಂಬಿಕೆ ಇರಲಿಲ್ಲ. ಧೈರ್ಯ ಜಾಸ್ತಿ ಅಂತಲ್ಲ, ಪುರಸೊತ್ತು ಕಡಿಮೆ ಇತ್ತು. ಹಗಲು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪಾಠ, ಉಳಿದ ಹೊತ್ತೆಲ್ಲ ಚಾಮರಾಜಪೇಟೆಯಲ್ಲಿದ್ದ ನಮ್ಮ ಹುಡುಗಿಯರ ಹಾಸ್ಟೆಲಿನ ವಾರ್ಡನ್ ಕೆಲಸ. ಇವೆರಡರ ನಡುವೆ ಹೆದರುವುದಕ್ಕೂ ಸಮಯ ಸಿಗಬೇಕಲ್ಲ! ಯಾರಾದರೂ ಇಂಥ ಕಥೆ ಶುರು ಮಾಡಿದರೆ ಕೊನೆಯ ತನಕ ಕೇಳಿಸಿಕೊಂಡು, "ಆಗ ನಿಮಗೆ ಜ್ವರ ಏನಾದರೂ ಇತ್ತಾ?" ಎಂದು ಕೇಳಿಬಿಡುತ್ತಿದ್ದೆ. ಈಗ ನಾನೇ ಅಂಥದೊಂದನ್ನು ಹೇಳಲು ಕುಳಿತಿದ್ದೇನೆ. ನೀವೂ ಅದೇ ಪ್ರಶ್ನೆ ಕೇಳಿದರೆ ನನಗೇನೂ ಬೇಸರವಿಲ್ಲ.

ತೊಂಬತ್ತರ ದಶಕದ ಮಾತು. ವಾರ್ಡನ್ ಆಗುವುದೆಂದರೆ ನಿಯಮಗಳ ಜೊತೆ ಸಂಸಾರ ಮಾಡುವುದು. ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಗೇಟಿನ ಒಳಗಿರಬೇಕು. ಕೋಣೆಯಲ್ಲಿ ಕಾಯಿಲ್ ಹಾಕಿ ನೀರು ಕಾಯಿಸಬಾರದು. ಒಳಬಟ್ಟೆಯನ್ನು ರಸ್ತೆ ಕಡೆಯ ಕಿಟಕಿಗೆ ಒಣಹಾಕಬಾರದು. ಕೋಣೆಯಿಂದ ಕೊನೆಗೆ ಹೊರಡುವವಳು ಬೀಗ ಹಾಕಿ, ಬೀಗದ ಕೈಯನ್ನು ನನ್ನ ಬಾಗಿಲ ಪಕ್ಕದ ಮೊಳೆಗೆ ತಗುಲಿಸಿ ಹೋಗಬೇಕು. ಇವನ್ನೆಲ್ಲ ವರ್ಷವರ್ಷವೂ ಹೊಸ ಹುಡುಗಿಯರಿಗೆ ಹೇಳಿ ಹೇಳಿ ನನ್ನ ಬಾಯಿ ಸವೆದಿತ್ತು. ಹೇಳಿದ್ದನ್ನು ಅವರು ಮುರಿಯುತ್ತಿದ್ದರು, ನಾನು ಗದರುತ್ತಿದ್ದೆ, ಅವರು ತಲೆ ತಗ್ಗಿಸಿ ನಿಂತು ಒಳಗೊಳಗೇ ನಗುತ್ತಿದ್ದರು. "ಸಾಕಪ್ಪಾ ಸಾಕು" ಎಂಬುದು ನನ್ನ ಬಾಯಲ್ಲಿ ಬಂದುಹೋಗುವ ಉಸಿರಿನ ಹಾಗೆ ಆಗಿಬಿಟ್ಟಿತ್ತು. ಈ ಜವಾಬ್ದಾರಿಯಿಂದ ಬಿಡುಗಡೆ ಮಾಡಿ ಎಂದು ಪ್ರಿನ್ಸಿಪಾಲರನ್ನು ಕೇಳಿಕೊಂಡೂ ಆಗಿತ್ತು.

ಆ ನಿಯಮಗಳಲ್ಲಿ ತಟ್ಟೆಯದೂ ಒಂದು. ಸೇರುವಾಗಲೇ ಪ್ರತಿಯೊಬ್ಬಳೂ ಪೇಟೆಯಲ್ಲಿ ಒಂದು ಸ್ಟೀಲ್ ತಟ್ಟೆ ಕೊಂಡು, ಅದರ ಮೇಲೆ ಹೆಸರು ಕೆತ್ತಿಸಿಕೊಂಡು ಬರಬೇಕು. ಊಟದ ಮನೆಯ ಗೋಡೆಗೆ ಉದ್ದಕ್ಕೆ ಹಲಗೆ ಹೊಡೆಸಿದ್ದೆವು. ಊಟಕ್ಕೆ ಇರುವವರ ತಟ್ಟೆ ಅದರ ಮೇಲೆ ಅಂಗಾತ ಇರಬೇಕು. ಊರಿಗೆ ಹೋಗುವವಳು ಅಥವಾ ಆ ಹೊತ್ತು ಊಟ ಬೇಡವೆನ್ನುವವಳು ತನ್ನ ತಟ್ಟೆಯನ್ನು ಕವುಚಿಟ್ಟು ಹೋಗಬೇಕು. ಅಡುಗೆಯ ಜಯಮ್ಮ ಅಂಗಾತ ಇದ್ದ ತಟ್ಟೆಗಳನ್ನು ಎಣಿಸಿಯೇ ಅಕ್ಕಿ ಹಾಕುತ್ತಿದ್ದದ್ದು. ಹೇಳದೆ ಕೇಳದೆ ವಿಶ್ವೇಶ್ವರಪುರದ ತಿಂಡಿ ಬೀದಿಗೆ ಹೋಗಿ ಹೊಟ್ಟೆ ತುಂಬಿಸಿಕೊಂಡು ಬಂದು, ಇಲ್ಲಿ ಅನ್ನ ಹಳಸಿಸುವ ಮಹಾರಾಣಿಯರ ಕಾಟ ತಡೆಯಲಾರದೆ ಮಾಡಿದ ನಿಯಮ ಅದು. ಉಳಿದವು ಹೇಗೇ ಇರಲಿ, ಇದನ್ನು ಮಾತ್ರ ಎಲ್ಲರೂ ಪಾಲಿಸುತ್ತಿದ್ದರು. ಮರೆತವಳ ತಟ್ಟೆಯನ್ನು ಗೆಳತಿಯರೇ ಕವುಚಿಡುತ್ತಿದ್ದರು.

ಆ ವರ್ಷ ದಸರಾ ರಜೆಗೆ ಹಾಸ್ಟೆಲ್ ಬೇಗ ಖಾಲಿಯಾಯಿತು. ಮಹಡಿಯ ಹಿಂದಿನ ಕೋಣೆಯಲ್ಲಿ ಇಬ್ಬರಿದ್ದರು, ಸವಿತಾ ಮತ್ತು ಗಿರಿಜಾ. ಗಿರಿಜಾ ಹೊಳಲ್ಕೆರೆ ಕಡೆಯವಳು, ಮಾತು ಕಡಿಮೆ, ಕರೆದರೆ ಮಾತ್ರ ಬರುವ ಹುಡುಗಿ. ಸವಿತಾ ಬೆಳಗಿನ ಜಾವವೇ ಮೊದಲ ಬಸ್ಸು ಹಿಡಿಯಲು ಹೊರಟಳು. ಕರೆಂಟ್ ಹೋಗಿತ್ತು. ಕಿಟಕಿಯಿಂದ ಬಂದ ಮಸುಕು ಬೆಳಕಿನಲ್ಲಿ ಗಿರಿಜಳ ಮಂಚ ಖಾಲಿ ಇದ್ದದ್ದು, ಬಾಗಿಲ ಬಳಿ ಅವಳು ಸಿದ್ಧಮಾಡಿ ಇಟ್ಟಿದ್ದ ಚೀಲವೂ ಇಲ್ಲದ್ದು ಕಂಡಿದೆ. ತನಗಿಂತ ಮುಂಚೆಯೇ ಹೊರಟಿದ್ದಾಳೆ ಎಂದುಕೊಂಡು, ನಿಯಮದಂತೆ ಬೀಗ ಹಾಕಿ, ಕೀಯನ್ನು ಮೊಳೆಗೆ ತಗುಲಿಸಿದಳು. ಊಟದ ಮನೆಯಲ್ಲಿ ತನ್ನ ತಟ್ಟೆ ಕವುಚಿಡುವಾಗ ಗಿರಿಜಳದು ಅಂಗಾತ ಇದ್ದದ್ದು ನೋಡಿ, ಪಾಪ ಮರೆತಿದ್ದಾಳೆಂದು ಅದನ್ನೂ ಕವುಚಿಟ್ಟಳು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಅಂದು ಮಧ್ಯಾಹ್ನ ಜಯಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಮೇಡಂ, ಅನ್ನ ಮಿಕ್ಕೋಯ್ತು. ಗಿರಿಜನ ತಟ್ಟೆ ಅಂಗಾತ ಇತ್ತು ಅಂತ ಅವಳಿಗೂ ಹಾಕಿದ್ದೆ. ಆಮೇಲೆ ನೋಡಿದ್ರೆ ಆ ಹುಡುಗಿ ಊರಿಗೋಗವ್ಳಂತೆ" ಎಂದಳು. ಹೋಗಲಿ ಬಿಡು, ಮರೆತಿದ್ದಾಳೆ ಎಂದೆ. ಅವಳೇ ಅದನ್ನು ಕವುಚಿಟ್ಟಳು. ರಾತ್ರಿಯ ಅಡುಗೆಗೆ ಎಣಿಸುವಾಗ ತಟ್ಟೆ ಮತ್ತೆ ಅಂಗಾತ ಇತ್ತಂತೆ. ಪರೀಕ್ಷೆಯ ನೆಪದಲ್ಲಿ ಇನ್ನೂ ಊರಿಗೆ ಹೋಗದೆ ಕೆಳಗಿನ ಕೋಣೆಗಳಲ್ಲಿ ಉಳಿದಿದ್ದ ನಾಲ್ಕೈದು ಹುಡುಗಿಯರನ್ನು ಕರೆಸಿ, ನನ್ನ ಹತ್ತಿರ ಈ ಕೋತಿಚೇಷ್ಟೆ ಬೇಡ ಎಂದು ಬೈದೆ. "ನಾವ್ ಯಾಕ್ ಮಿಸ್ ಮುಟ್ಟೋಣ ಅವಳ ತಟ್ಟೇನ? ದೇವ್ರಾಣೆ ನಮ್ಗೊತ್ತಿಲ್ಲ" ಎಂದರು. ನಾನು ನಂಬಲಿಲ್ಲ, ಅವರ ಕೈಯಲ್ಲೇ ಅದನ್ನು ಮತ್ತೆ ಕವುಚಿಡಿಸಿದೆ.

ಮರುದಿನ ಮಧ್ಯಾಹ್ನದ ಊಟ ಮುಗಿಸಿ ಆ ಹುಡುಗಿಯರೂ ಹೊರಟರು. ಜಯಮ್ಮ ಅಡುಗೆಮನೆಯ ಹಿಂಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿ, ಹಬ್ಬಕ್ಕೆ ಹೂವು ತರಬೇಕೆಂದು ಅವಸರದಿಂದ ಹೋದಳು. ರಜೆ ಮುಗಿಯುವ ತನಕ ಹಾಸ್ಟೆಲಿಗೆ ಬೀಗ. ಬಸವನಗುಡಿಯಲ್ಲಿ ನನ್ನ ತಂಗಿಯ ಮನೆ. ಅಲ್ಲಿಗೆ ಹೋಗಿ, ಯಾರಿಗೂ ಏನೂ ಹೇಳದೆ, ಯಾರನ್ನೂ ಎಣಿಸದೆ ನಾಲ್ಕು ದಿನ ಮಲಗಬೇಕು ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು. ಕೊನೆಯದಾಗಿ ಊಟದ ಮನೆಗೆ ಕಣ್ಣು ಹಾಯಿಸಿದೆ. ಹಲಗೆಯ ಉದ್ದಕ್ಕೂ ತಟ್ಟೆಗಳೆಲ್ಲ ಕವುಚಿದ್ದವು, ಗಿರಿಜಳದೊಂದನ್ನು ಬಿಟ್ಟು.

ನನಗೆ ಹೆದರಿಕೆ ಆಗಲಿಲ್ಲ, ಅಳು ಬರುವಷ್ಟು ಸುಸ್ತಾಯಿತು. "ಸಾಕಪ್ಪಾ ಸಾಕು" ಎಂದು ಅದನ್ನು ದಡಕ್ಕೆಂದು ಕವುಚಿ ಹಾಕಿದೆ. ಬಾಗಿಲಿಗೆ ಬೀಗ ಜಡಿದು, ಕೀಲಿ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗೇಟಿನ ತನಕ ಬಂದೆ. ಬಂದ ಮೇಲೆ ಕೊಡೆಯ ನೆನಪಾಯಿತು. ಊಟದ ಮನೆಯ ಬೆಂಚಿನ ಮೇಲೇ ಬಿಟ್ಟುಬಂದಿದ್ದೆ. ನನ್ನನ್ನೇ ಬೈದುಕೊಳ್ಳುತ್ತ ಹಿಂದಿರುಗಿ ಬೀಗ ತೆಗೆದೆ.

ತಟ್ಟೆ ಅಂಗಾತ ಇತ್ತು. ಹತ್ತಿರ ಹೋಗಿ ನೋಡಿದೆ. ಆಗಷ್ಟೇ ತೊಳೆದ ಹಾಗೆ ಒದ್ದೆಯಾಗಿತ್ತು, ಅಂಚಿನಿಂದ ಹಲಗೆಯ ಮೇಲೆ ನೀರು ಇಳಿದಿತ್ತು. ತೊಟ್ಟಿಯ ಕಡೆ ತಿರುಗಿದೆ. ನಲ್ಲಿ ಬಿಗಿಯಾಗಿತ್ತು, ತೊಟ್ಟಿಯ ಸಿಮೆಂಟು ಒಣಗಿತ್ತು. ಕಿಟಕಿಗಳಿಗೆ ಕಬ್ಬಿಣದ ಸರಳು, ಹಿಂಬಾಗಿಲಿಗೆ ಜಯಮ್ಮ ಹಾಕಿದ ಅಗುಳಿ ಹಾಗೇ ಇತ್ತು.

ಆಗಲೂ ನನ್ನ ತಲೆಗೆ ಹೊಳೆದದ್ದು ದೆವ್ವವಲ್ಲ, ನಿಯಮ. ಈ ಹುಡುಗಿ ಊರಿಗೆ ಹೋಗಿಯೇ ಇಲ್ಲ, ನನ್ನ ಕಣ್ಣು ತಪ್ಪಿಸಿ ಇಲ್ಲೇ ಎಲ್ಲೋ ಅಡಗಿಕೊಂಡು ಆಟವಾಡಿಸುತ್ತಿದ್ದಾಳೆ, ಸಿಕ್ಕರೆ ಈ ಸಲ ತಂದೆಯನ್ನೇ ಕರೆಸುತ್ತೇನೆ ಎಂದುಕೊಂಡೆ. ಮೊಳೆಯಿಂದ ಅವರ ಕೋಣೆಯ ಕೀ ತೆಗೆದುಕೊಂಡು, ಮಂಡಿನೋವಿಗೆ ಶಾಪ ಹಾಕುತ್ತ ಮಹಡಿ ಹತ್ತಿದೆ. ಹೊರಗಿನಿಂದ ಬೀಗ ಇದ್ದೇ ಇತ್ತು. ತೆಗೆದು ಇಣುಕಿದರೆ ಕೋಣೆ ಖಾಲಿ. ಹಿಂದಕ್ಕೆ ತಿರುಗುವಷ್ಟರಲ್ಲಿ ಮಂಚಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಒಂದು ಪಾದ ಕಂಡಿತು.

ಗಿರಿಜಾ ಚೀಲವನ್ನು ತಲೆಗೆ ಕೊಟ್ಟುಕೊಂಡು ಬರಿಯ ನೆಲದ ಮೇಲೆ ಬಿದ್ದಿದ್ದಳು. ಆ ರಾತ್ರಿಯೇ ಜ್ವರ ಏರಿ, ಉರಿ ತಾಳಲಾರದೆ ತಣ್ಣಗಿದ್ದ ಕೆಂಪು ನೆಲಕ್ಕೆ ಇಳಿದಿದ್ದಾಳೆ. ಮೈ ಕೆಂಡದಂತಿತ್ತು, ತುಟಿ ಒಡೆದಿತ್ತು, ದನಿ ಇರಲಿಲ್ಲ. ಅವಳ ಹೂಜಿಯನ್ನು ಎತ್ತಿ ನೋಡಿದೆ, ಒಂದು ತೊಟ್ಟು ನೀರಿರಲಿಲ್ಲ. ನನ್ನ ಕೂಗಿಗೆ ಎದುರುಮನೆಯವರು ಓಡಿಬಂದರು. ಆಟೋದಲ್ಲಿ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಆಸ್ಪತ್ರೆಗೆ ಹೋಗುವಾಗ, ನನ್ನ ಕೊಡೆ ಮರೆತದ್ದಕ್ಕೆ ನಾನು ಯಾವ ದೇವರಿಗೆ ಕೈಮುಗಿದೆನೋ ತಿಳಿಯದು. "ಇನ್ನೊಂದು ರಾತ್ರಿ ಕಳೆದಿದ್ರೆ ನಮ್ ಕೈಲಿ ಏನೂ ಇರ್ತಿರ್ಲಿಲ್ಲ" ಎಂದರು ಡಾಕ್ಟರು. ಹಾಸ್ಟೆಲ್ ತೆರೆಯುವುದಕ್ಕೆ ಇನ್ನೂ ಎಷ್ಟು ರಾತ್ರಿಗಳಿದ್ದವು ಎಂಬುದನ್ನು ನಾನು ಅವರಿಗೆ ಹೇಳಲಿಲ್ಲ.

ಜ್ವರ ಇಳಿದ ಮೇಲೆ ಒಂದು ಸಂಜೆ ಅವಳ ತಾಯಿ ಕಾಫಿ ತರಲು ಹೋಗಿದ್ದಾಗ ನಾನು ಮಂಚದ ಪಕ್ಕ ಕುಳಿತಿದ್ದೆ. ತಟ್ಟೆಯ ವಿಷಯ ನಾನು ಅವಳ ಮುಂದೆ ಎತ್ತಿರಲಿಲ್ಲ. ಅವಳು ನನ್ನ ಕಡೆ ತಿರುಗಿ, ಸಣ್ಣ ದನಿಯಲ್ಲಿ ಕೇಳಿದಳು.

"ಮೇಡಂ, ನನಗ್ಯಾಕೆ ನೀವ್ಯಾರೂ ಊಟ ಹಾಕ್ಲಿಲ್ಲ?"

ನಾನು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡೆ.

"ಪ್ರತಿ ಸಲಾನೂ ಕೆಳಗೆ ಬಂದು ತಟ್ಟೆ ತೊಳ್ಕೊಂಡು ನಿಂತಿದ್ದೆ. ಜಯಮ್ಮಂಗೂ ಕಾಣ್ಲಿಲ್ಲ. ಕೊನೇಲಿ ನೀವೇ ಬಂದ್ರಿ. ನಾನು ನಿಮ್ಮ ಪಕ್ಕದಲ್ಲೇ ಇದ್ದೆ. ಸಾಕಪ್ಪಾ ಸಾಕು ಅಂತ ನನ್ ತಟ್ಟೆ ಕವುಚಿ ಹಾಕ್ಬಿಟ್ರಿ."

ನನ್ನ ಬೆನ್ನಿನಲ್ಲಿ ಛಳಿ ಎದ್ದದ್ದು ಆಗ, ಆ ಆಸ್ಪತ್ರೆಯ ಬೆಳಕಿನಲ್ಲಿ, ಸುತ್ತ ಜನ ಓಡಾಡುತ್ತಿರುವಾಗ.

ಮುಂದೆ ನಾನೂ ಬೇಕಾದಷ್ಟು ಲೆಕ್ಕ ಹಾಕಿದ್ದೇನೆ. ಜ್ವರದ ತಲೆಗೆ ಊಟದ ಮನೆ ಕಾಣುವುದು ಸಹಜ. "ಸಾಕಪ್ಪಾ ಸಾಕು" ಎನ್ನುವುದು ಇಡೀ ಹಾಸ್ಟೆಲಿಗೆ ಗೊತ್ತಿದ್ದ ನನ್ನ ಮಾತು, ಅದನ್ನು ಅವಳ ಮನಸ್ಸು ತಾನಾಗಿ ಸೇರಿಸಿಕೊಂಡಿರಬಹುದು. ಮೊದಲ ಮೂರು ಸಲ ತಟ್ಟೆಯನ್ನು ಆ ಹುಡುಗಿಯರೇ ತಿರುವಿಟ್ಟಿರಬಹುದು. ಇಷ್ಟಕ್ಕೆಲ್ಲ ನನ್ನ ಬಳಿ ಉತ್ತರವಿದೆ. ಆದರೆ ನಾನೇ ಕವುಚಿ, ನಾನೇ ಬೀಗ ಹಾಕಿ, ನಾನೇ ತೆಗೆದಾಗ ಕಂಡ ಒದ್ದೆ ತಟ್ಟೆಗೆ ಇಷ್ಟು ವರ್ಷವಾದರೂ ಉತ್ತರ ಸಿಕ್ಕಿಲ್ಲ. ಸವಿತಾಳನ್ನು ನಾನು ಬೈಯಲಿಲ್ಲ. ಅವಳು ಒಂದು ನಿಯಮವನ್ನೂ ಮುರಿದಿರಲಿಲ್ಲ. ರಜೆ ಮುಗಿದ ಮೇಲೆ ಹೊಸದಾಗಿ ಎರಡು ಸೇರಿಸಿದೆ, ಅಷ್ಟೆ. ಒಬ್ಬರ ತಟ್ಟೆಯನ್ನು ಇನ್ನೊಬ್ಬರು ಕವುಚಬಾರದು, ಬೀಗ ಹಾಕುವ ಮುಂಚೆ ಹೆಸರು ಹಿಡಿದು ಒಮ್ಮೆ ಕೂಗಬೇಕು.

ಗಿರಿಜಾ ಓದು ಮುಗಿಸಿ, ಮದುವೆಯಾಗಿ, ಈಗ ಎರಡು ಮಕ್ಕಳ ತಾಯಿ. ಹೊಸ ವರ್ಷಕ್ಕೊಮ್ಮೆ ಫೋನ್ ಮಾಡುತ್ತಾಳೆ. ಆ ಸಂಜೆ ಹೇಳಿದ್ದು ಅವಳಿಗೆ ನೆನಪಿಲ್ಲವಂತೆ. ನಾನು ನಿವೃತ್ತಿಯಾಗಿ ತಂಗಿಯ ಮನೆಯಲ್ಲೇ ಇದ್ದೇನೆ. ರಾತ್ರಿ ಪಾತ್ರೆ ಜೋಡಿಸುವ ಕೆಲಸ ನನ್ನದು. ತಟ್ಟೆಗಳನ್ನು ನಾನು ಅಂಗಾತವೇ ಇಡುತ್ತೇನೆ. "ಹಂಗಿಟ್ರೆ ಧೂಳು ಕೂತ್ಕೊಳಲ್ವೇನೇ ಅಕ್ಕ, ಕವುಚಿ ಹಾಕೋಕೇನು ಕಷ್ಟ?" ಎಂದು ತಂಗಿ ದಿನಾ ಗೊಣಗುತ್ತಾಳೆ. ಕೂತರೆ ಕೂರಲಿ, ಬೆಳಿಗ್ಗೆ ಎದ್ದು ಇನ್ನೊಂದು ಸಲ ತೊಳೆಯುತ್ತೇನೆ.