ಗೇರ್‌ಬಾಕ್ಸಿಗೆ ನೇಲ್ ಪಾಲಿಷ್

ಹೆಂಡತಿಯ ನೇಲ್ ಪಾಲಿಷ್ ಕದ್ದು ಕಾರಿನ ಗೇರ್‌ಬಾಕ್ಸಿಗೆ ಬಳಿದ ಗಂಡಸನ್ನು ಎಲ್ಲಾದರೂ ನೋಡಿದ್ದೀರಾ? ಇಲ್ಲವಾದರೆ ಈ ಬರಹದ ಪಕ್ಕದಲ್ಲಿರುವ ನನ್ನ ಫೋಟೊ ನೋಡಿ.

ನಮ್ಮ ಮನೆಯಲ್ಲೊಂದು ಹಳೇ ಸ್ಪೋರ್ಟ್ಸ್ ಕಾರಿದೆ. ಎರಡೇ ಸೀಟು, ಬಟ್ಟೆಯ ಟಾಪು, ವಯಸ್ಸಿನಲ್ಲಿ ನನಗಿಂತ ಹಿರಿಯದು. ಮಾವನವರು ನೀಲಗಿರಿಯಲ್ಲಿ ಕೆಲಸದಲ್ಲಿದ್ದಾಗ, ಎಸ್ಟೇಟ್ ಮಾರಿ ಹೋದ ಬಿಳಿ ದೊರೆಯೊಬ್ಬರಿಂದ ಕೊಂಡದ್ದು. ಅವರು ತೀರಿಕೊಂಡ ಮೇಲೆ ಕಾರು ಮಗಳಿಗೆ ಬಂತು. (ನನಗೆ ಬಂದದ್ದು ಅದನ್ನು ಒರೆಸುವ ಕೆಲಸ.)

ಅದಕ್ಕೆ ನಾಲ್ಕೇ ಗೇರು. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೊರಟರೆ ಟಾಪ್ ಗೇರಿನಲ್ಲೂ ಎಂಜಿನ್ ಅರಚುತ್ತದೆ. ಪಕ್ಕದಲ್ಲಿ ಕೂತವರ ಮಾತು ಕೇಳಿಸುವುದಿಲ್ಲ. (ಇದು ತೊಂದರೆ ಎಂದವನು ನಾನಲ್ಲ.) ಇದಕ್ಕೆ ಮದ್ದು ಓವರ್‌ಡ್ರೈವ್. ಗೇರ್‌ಬಾಕ್ಸಿನ ಹಿಂದೆ ಕೂರಿಸುವ ಸಣ್ಣ ಪೆಟ್ಟಿಗೆ ಅದು. ಸ್ವಿಚ್ ಒತ್ತಿದರೆ ಕಾರಿನ ಸ್ಪೀಡ್ ಅಷ್ಟೇ ಇರುತ್ತದೆ, ಎಂಜಿನ್ ಮಾತ್ರ ನಿಧಾನವಾಗಿ ತಿರುಗುತ್ತದೆ. ಆದರೆ ಅದನ್ನು ಕೂರಿಸಲು ಗೇರ್‌ಬಾಕ್ಸ್ ಇಳಿಸಿ ಬಿಚ್ಚಲೇಬೇಕು.

"ಅಪ್ಪನ ಗೇರ್‌ಬಾಕ್ಸ್ ಬದಲಾಗಿ ಬರಬಾರದು" ಎಂದಳು ನನ್ನ ಹೆಂಡತಿ ಸುಮಾ. ಅಷ್ಟೇ ಹೇಳಿದ್ದು. ನನ್ನ ನಿದ್ದೆ ಕೆಟ್ಟಿತು.

ಗುಂಡ್ಲುಪೇಟೆಯ ಮೆಕ್ಯಾನಿಕ್ ಸಿದ್ದರಾಜು ಮಾವನವರ ಕಾಲದಿಂದ ಈ ಗಾಡಿ ನೋಡುತ್ತಿರುವವನು. ಒಮ್ಮೆಯೂ ಮೋಸ ಮಾಡಿದವನಲ್ಲ. ಆದರೆ ಅವನ ಗ್ಯಾರೇಜಿಗೆ ಗುಜರಿ ವ್ಯಾಪಾರಿಗಳು ಬಂದು ಹೋಗುತ್ತಾರೆ. ಓವರ್‌ಡ್ರೈವ್ ಸಿಕ್ಕಿದ್ದೂ ಅವರಿಂದಲೇ. ಹಳೇ ಕಾರಿನ ಅಸಲಿ ಗೇರ್‌ಬಾಕ್ಸ್ ಕಂಡರೆ ಅವರು ಬಾಯಿ ಬಾಯಿ ಬಿಡುತ್ತಾರೆ. ಸಾಲದ್ದಕ್ಕೆ ನಮ್ಮದರ ಮೇಲಿದ್ದ ನಂಬರ್ ಸವೆದು ಹೋಗಿದೆ. ಅನುಮಾನಕ್ಕೆ ಇನ್ನೇನು ಬೇಕು?

ಹರವೆಯಲ್ಲಿ ಬೇಸಾಯ ಮಾಡುವ ಗೆಳೆಯ ಬಸವಣ್ಣನಿಗೆ ಫೋನ್ ಮಾಡಿದೆ. "ಗುರ್ತು ಆಕ್ಬುಟ್ಟು ಕೊಡ್ಲಾ. ನಾವು ಟ್ರ್ಯಾಕ್ಟರ್ ಬ್ಯಾಟ್ರಿ ಚಾರ್ಜಿಗೆ ಕೊಟ್ರೂ ಅಂಗೇ ಮಾಡದು ಕಣ" ಎಂದ.

ನಿಜವೇ. ನಮ್ಮ ಕಡೆ ಪಂಪ್‌ಸೆಟ್ ಮೋಟರ್ ರಿಪೇರಿಗೆ ಹೋದರೂ, ಮಿಕ್ಸಿ ಹೋದರೂ, ತಳದಲ್ಲೊಂದು ಗೀಟು ಬಿದ್ದೇ ಹೋಗುತ್ತದೆ. "ನಿನ್ ಮೇಲೆ ನಂಬ್ಕೆ ಅದೆ ಬುಡಪ್ಪ" ಎಂದು ಹೇಳಿ ಕೊಟ್ಟು ಬರುತ್ತೇವೆ, ಗೀಟು ಎಳೆದ ಮೇಲೆ! ನಾನೂ ಕಾರಿನಡಿ ನುಸುಳಿ, ಗೇರ್‌ಬಾಕ್ಸಿನ ಮೂಲೆಗೆ ಸುಮಾಳ ನೇಲ್ ಪಾಲಿಷಿನಿಂದ ಮೆರೂನ್ ಬಣ್ಣದ ಚುಕ್ಕಿ ಇಟ್ಟು, ಗಾಡಿಯನ್ನು ಸಿದ್ದರಾಜುವಿಗೆ ಒಪ್ಪಿಸಿದೆ.

ತಿಂಗಳ ಮೇಲೆ ಗಾಡಿ ತರಲು ನಾನೂ ಸುಮಾಳೂ ಹೋದೆವು. ವಾಪಸ್ ಬರುವಾಗ ಸ್ವಿಚ್ ಒತ್ತಿದೆ. ಎಂಜಿನ್ ಅರಚಾಟ ನಿಂತಿತು. "ಅಪ್ಪ ಇರಬೇಕಿತ್ತು" ಎಂದಳು ಸುಮಾ. ಮಾತು ಸ್ಪಷ್ಟವಾಗಿ ಕೇಳಿಸಿತು. ನನಗೋ, ಯಾವಾಗ ಮನೆ ಸೇರಿ ಕಾರಿನಡಿ ನುಸುಳುತ್ತೇನೋ ಎಂಬ ತವಕ.

ನುಸುಳಿದೆ. ಚುಕ್ಕಿ ಇದ್ದ ಜಾಗದಲ್ಲೇ ಇತ್ತು. ಹೋದ ಜೀವ ಬಂದಂತಾಗಿ, ಮೊಬೈಲಿನಲ್ಲಿ ಫೋಟೊ ತೆಗೆದು, ಬಾಟಲಿ ಕದ್ದದ್ದನ್ನೂ ಒಪ್ಪಿಕೊಂಡು ಸುಮಾಗೆ ತೋರಿಸಿದೆ.

ಅವಳು ಫೋಟೊ ದೊಡ್ಡದು ಮಾಡಿ ನೋಡಿದಳು. "ಇದು ನನ್ನದಲ್ಲ ಕಣ್ರೀ. ನನ್ನದು ಮೆರೂನ್. ಇದು ಕೆಂಪು."

ಮರುದಿನ ಮತ್ತೆ ಗುಂಡ್ಲುಪೇಟೆ. ಕೂಗಾಡಲಿಲ್ಲ, ಫೋಟೊವನ್ನು ಅವನ ಮುಂದೆ ಹಿಡಿದೆ ಅಷ್ಟೆ. ಸಿದ್ದರಾಜು ಬಟ್ಟೆಗೆ ಕೈ ಒರೆಸಿಕೊಂಡ.

"ಗೇರ್‌ಬಾಕ್ಸ್ ಬಿಚ್ಚಿ ತಿನ್ನರ್ ಆಕಿ ತೊಳ್ದೆ ಸಾ. ಗುರ್ತು ಕರಗೋಯ್ತು. ನೀವೇ ಮಡಗಿರದು ಅಂತ ಗೊತ್ತಾಯ್ತು. ನಮ್ಮನೆಯವ್ಳ ಬಾಟ್ಲಿ ತಂದು ಅದೇ ಜಾಗಕ್ಕೆ ಮಡಗ್ದೆ."

ಈಗ ಹೇಳಿ, ಏನೆಂದುಕೊಳ್ಳಲಿ? ಪ್ರಾಮಾಣಿಕನೊಬ್ಬ ತನ್ನ ಮಾನ ಉಳಿಸಿಕೊಳ್ಳಲು ನಕಲಿ ಗುರುತು ಇಟ್ಟನೆ? ಇಲ್ಲಾ ಬೇರೆ ಗೇರ್‌ಬಾಕ್ಸ್ ಕೂರಿಸಿ ಚುಕ್ಕಿ ಇಟ್ಟು ಕಥೆ ಕಟ್ಟುತ್ತಿದ್ದಾನೆಯೆ? ಇನ್ನು ಈ ಜನ್ಮದಲ್ಲಿ ಗೊತ್ತಾಗುವುದಿಲ್ಲ. ಮನೆಯಲ್ಲಿ ಕಾಯುತ್ತಿರುವವಳಿಗೆ ಅಪ್ಪನದೇ ಎನ್ನಲೋ, ಅಲ್ಲ ಎನ್ನಲೋ? ನನಗೆ ಸಿಟ್ಟು ಬಂತು. "ಗುರುತು ಅಳಿಸಿ ಹೋಯ್ತು ಅಂತ ಒಂದು ಮಾತು ಹೇಳಬಾರದಿತ್ತೇನಯ್ಯಾ?" ಎಂದೆ.

ಸಿದ್ದರಾಜು ನನ್ನ ಮುಖವನ್ನೇ ನೋಡಿದ.

"ಅಂಗಂದಿದ್ರೆ ನಂಬ್ತಿದ್ರಾ ಸಾ?"