ಫವ್ವಾಜನ ಲೈಬ್ರರಿ

ಗೆಳೆಯ ಫವ್ವಾಜ್ ತೀರಿಕೊಂಡ ಮೇಲೆ ನಾನು ಅತ್ತಿಲ್ಲ. ಸಾವಿನ ಮನೆಯ ಸಕ್ಕರೆಯಿಲ್ಲದ ಕಾಫಿ ಕುಡಿದೆ, ಬಂದವರ ಕೈ ಹಿಡಿದೆ, ಮನೆಗೆ ಬಂದು ಮಲಗಿದೆ. ಅಷ್ಟೇ.

ಸಾಲ್ತ್ ಊರಿನ ಇಳಿಜಾರು ಬೀದಿಯಲ್ಲಿ ಅವನ ಪುಸ್ತಕದಂಗಡಿ. ನಮ್ಮ ಅರಬ್ಬಿಯಲ್ಲಿ ಪುಸ್ತಕ ಮಾರುವ ಜಾಗವೂ ಮಕ್ತಬ, ಓದಲು ಕೊಡುವ ಜಾಗವೂ ಮಕ್ತಬ. ಬೋರ್ಡಿನ ಮೇಲೆ ಅರಬ್ಬಿಯಲ್ಲಿ ಹಾಗೆ ಬರೆಸಿ, ಕೆಳಗೆ ಇಂಗ್ಲಿಷಿನಲ್ಲಿ ‘ಲೈಬ್ರರಿ’ ಎಂದು ಬರೆಸಿದ್ದ. ಇಂಗ್ಲಿಷ್ ಮೇಷ್ಟ್ರಾದ ನನಗೆ ಅದನ್ನು ನೋಡಿದಾಗಲೆಲ್ಲ ಅನ್ನದಲ್ಲಿ ಕಲ್ಲು ಸಿಕ್ಕಂತಾಗುತ್ತಿತ್ತು.

“ಬುಕ್‌ಶಾಪ್ ಅಂತ ಬರ್ಸೋ ಮಾರಾಯ.”

“ಶಾಪ್ ಅಂದ್ರೆ ಟೊಮೇಟೊ ಮಾರೋದು.”

“ಹಾಗಾದ್ರೆ ಅಮೆರಿಕದವರ ಥರ ಬುಕ್‌ಸ್ಟೋರ್ ಅನ್ನು.”

“ಸ್ಟೋರ್ ಅಂದ್ರೆ ಗೋದಾಮು ಅಂತ ನನ್ನ ಮಗಳಿಗೆ ಹೇಳ್ಕೊಟ್ಟೋರು ಯಾರು? ಮೊದ್ಲು ನೀವು ಒಂದು ಮಾತಿಗೆ ನಿಲ್ಲಿ, ಮೇಷ್ಟ್ರೇ!”

ಒಮ್ಮೆ ಬೋರ್ಡು ನಂಬಿ ಬಂದ ವಿದೇಶಿ ವಿದ್ಯಾರ್ಥಿನಿಯೊಬ್ಬಳು ಪುಸ್ತಕ ಎತ್ತಿಕೊಂಡು, ಯಾವಾಗ ವಾಪಸ್ ತರಬೇಕು ಎಂದು ಕೇಳಿದಳು. ಇವನು ಕಣ್ಣು ಮಿಟುಕಿಸದೆ, “ಓದಿ ಮುಗಿದ್ಮೇಲೆ” ಎಂದ. ಆಮೇಲೆ ಅದೇ ರೂಢಿಯಾಯಿತು. ಕೊಳ್ಳುವವರು ಕೊಂಡರು, ಕೇಳಿದವರು ಒಯ್ದರು.

“ಈಗಾದ್ರೂ ತಪ್ಪು ಅಂತ ಒಪ್ಕೋ,” ಎಂದೆ.

“ತಪ್ಪಾಗಿದ್ರೆ ಪುಸ್ತಕ ವಾಪಸ್ ಬರ್ತಿತ್ತಾ? ನಾನು ಸತ್ಮೇಲೆ ನೀನೇ ನಿಂತು ತಿದ್ದಿಸು, ಹೋಗು.”

ಈಗ ಅಂಗಡಿ ಅವನ ಮಗಳು ರುಲಾಳದು. ನಿನ್ನೆ ಬರಲು ಹೇಳಿಕಳಿಸಿದ್ದಳು. ನಾನು ಹೋಗುವಷ್ಟರಲ್ಲಿ ಬೋರ್ಡು ಬರೆಯುವವನು ಏಣಿಯ ಮೇಲಿದ್ದ, ಕುಂಚದಲ್ಲಿ ಬಿಳಿ ಬಣ್ಣ.

“ಅಪ್ಪನ ಥರ ಕೊಡ್ತಾ ಕೂತ್ರೆ ಅಂಗಡಿ ಉಳಿಯಲ್ಲ, ಚಿಕ್ಕಪ್ಪ. ಎಲ್ರೂ ಸುಮ್ನೆ ಒಯ್ಯಕ್ಕೇ ಬರ್ತಾರೆ. ಸರಿಯಾದ ಪದ ನೀವೇ ಹೇಳಿ.”

ಬೇಡ ಎಂದಿದ್ದರೆ ನಿಲ್ಲಿಸುತ್ತಿದ್ದಳು. ನನ್ನ ಮಾತು ಅವಳು ಮೀರುವುದಿಲ್ಲ. ಆದರೆ ನಾಳೆಯಿಂದ ಆ ಬಾಗಿಲು ತೆಗೆದು ಕೂರಬೇಕಾದವಳು ಅವಳು.

“ಅಳಿಸಪ್ಪ,” ಎಂದೆ.

ಬಿಳಿ ಬಣ್ಣದಡಿ ಫವ್ವಾಜನ ಇಂಗ್ಲಿಷ್ ಅಕ್ಷರಗಳು ಒಂದೊಂದಾಗಿ ಮುಚ್ಚಿಕೊಂಡವು. ಬಣ್ಣ ಒಣಗಿದ ಮೇಲೆ ‘ಬುಕ್‌ಶಾಪ್’ನ ಅಕ್ಷರಗಳನ್ನು ಬಿಡಿಬಿಡಿಯಾಗಿ ಹೇಳಿದೆ. ತರಗತಿಯಲ್ಲಿ ಹೇಳುವ ಅದೇ ದನಿ. ನನಗೇನೂ ಅನಿಸಲಿಲ್ಲ.

“ಹಂಗಂದ್ರೇನು ಮೇಷ್ಟ್ರೇ?” ಏಣಿಯ ಮೇಲಿನವನು ಕೇಳಿದ.

“ಮಕ್ತಬ.”

“ಮತ್ತೆ ಅಳಿಸಿದ್ದು?”

“ಅದೂ ಮಕ್ತಬವೇ.”

“ಅಯ್ಯೋ, ಹಾಗಾದ್ರೆ ನನ್ನನ್ಯಾಕ್ರೀ ಏಣಿ ಹತ್ತಿಸಿದ್ರಿ?”

ರುಲಾ ನಕ್ಕಳು, ನಗುತ್ತಲೇ ಮುಖ ತಿರುಗಿಸಿಕೊಂಡಳು.

ನಾನು ರಸ್ತೆಯ ಆಚೆ ಬದಿಗೆ ಹೋಗಿ ನಿಂತು ಓದಿದೆ. ಒಂದೂ ತಪ್ಪಿರಲಿಲ್ಲ. ‘ಬಂದು ನೋಡೋ’ ಎಂದು ಫವ್ವಾಜನನ್ನು ಕರೆಯಲು ಅಂಗಡಿಯ ಬಾಗಿಲ ತನಕ ಹೋಗಿಬಿಟ್ಟಿದ್ದೆ.