ಹುಂಜದ ಹಡಗಿನ ನಿಧಿ

ಗೋಂದಣ್ಣನ ಕೈ ನೋಡಿದರೆ ಸಾಕು, ಕಸುಬು ಯಾವುದೆಂದು ತಿಳಿಯುತ್ತದೆ. ಹತ್ತು ಉಗುರುಗಳ ಅಂಚಿನಲ್ಲೂ ಒಣಗಿದ ಮೈದಾ ಅಂಟು, ಹೆಬ್ಬೆರಳಿನ ಮೇಲೆ ದಾರ ಎಳೆದೆಳೆದು ಬಿದ್ದ ಗೆರೆ. ಹರಿದ ಪುಸ್ತಕಗಳನ್ನು ಬಿಚ್ಚಿ, ಹೊಲಿದು, ಹೊಸ ರಟ್ಟು ಕಟ್ಟಿ ಕೊಡುವುದು ಅವನ ಕೆಲಸ. ಅವನ ನಿಜವಾದ ಹೆಸರು ಮತದಾರರ ಪಟ್ಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಬಳಕೆಯಲ್ಲಿಲ್ಲ.

ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನು. ಆದರೆ ರಿಪೇರಿಗೆ ಬಂದ ಪುಸ್ತಕವನ್ನು ಓದದೆ ವಾಪಸು ಕೊಟ್ಟ ದಾಖಲೆಯಿಲ್ಲ. ಅದರಲ್ಲೂ ಚರಿತ್ರೆ ಸಿಕ್ಕರೆ ಮುಗಿಯಿತು, ಊಟದ ಡಬ್ಬಿ ತಣ್ಣಗಾಗುತ್ತದೆ. ಮರಳಿನಡಿ ಹೂತುಹೋದ ಪಟ್ಟಣಗಳು, ಬೆಳ್ಳಿ ತುಂಬಿಕೊಂಡು ಮುಳುಗಿದ ಹಡಗುಗಳು, ಸುಟ್ಟು ಬೂದಿಯಾದ ಗ್ರಂಥಾಲಯಗಳು, ಕಾಳುಮೆಣಸಿಗಾಗಿ ಸಮುದ್ರ ದಾಟಿ ತಿರುಗಿ ಬಾರದವರು, ಎಲ್ಲ ಅವನ ನಾಲಗೆಯ ತುದಿಯಲ್ಲಿ. ಪುಸ್ತಕ ಒಯ್ಯಲು ಬಂದವರು ಕಥೆ ಕೇಳಿಕೊಂಡು ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದರು. ಪುಸ್ತಕ ಸಿದ್ಧವಾಗಿಲ್ಲ ಎಂಬುದು ಅವರಿಗೆ ನೆನಪಾಗುತ್ತಿದ್ದದ್ದು ಬೀದಿಯ ತಿರುವಿನಲ್ಲಿ.

ಕೆಲಸ ಕಲಿಸಿದ ಯಜಮಾನ ಇದನ್ನು ಕಂಡರೆ ಕಿವಿ ಹಿಂಡುತ್ತಿದ್ದ. ಹಿಂದೆಲ್ಲ ಸಿದ್ಧ ರಟ್ಟು ಸಿಗುತ್ತಿರಲಿಲ್ಲ. ರದ್ದಿ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ಒಣಗಿಸಿ, ರಟ್ಟು ಮಾಡಿಕೊಳ್ಳಬೇಕಿತ್ತು. ಹಾಗೆ ಅಂಟಿಸುವಾಗ ಹಾಳೆಯ ಬರಹವಿರುವ ಮಗ್ಗುಲು ಕೆಳಗೇ ಇರಬೇಕು ಎನ್ನುವುದು ಯಜಮಾನನ ಕಟ್ಟಪ್ಪಣೆ. ರದ್ದಿ ಓದುತ್ತ ಕೂತವನು ಪುಸ್ತಕ ಮುಗಿಸುವುದಿಲ್ಲ ಎಂದು ಅವನ ಲೆಕ್ಕ. ಗೋಂದಣ್ಣ ಹಾಳೆಯನ್ನು ಮಗುಚುವ ಮೊದಲು ಕಳ್ಳಗಣ್ಣಿನಲ್ಲಿ ಎರಡು ಸಾಲು ಓದಿಯೇ ಓದುತ್ತಿದ್ದ, ಬೆನ್ನಿಗೆ ಗುದ್ದು ತಿನ್ನುತ್ತಿದ್ದ.

ಕಳೆದುಹೋದ ಸಂಪತ್ತಿನ ಈ ಹುಚ್ಚು ಹತ್ತಿಸಿದವಳು ಅವನ ತಾಯಿ. ಅವಳ ಅಜ್ಜ ಹಡಗಿನಲ್ಲಿ ಅಡುಗೆಯವನಾಗಿದ್ದನಂತೆ. ಹಡಗಿನ ಮೂತಿಗೆ ಮರದ ಹುಂಜ, ಅದರ ಕೊಕ್ಕು ಮುರಿದಿತ್ತಂತೆ. ಬಿರುಗಾಳಿಯಲ್ಲಿ ಹಡಗು ನಿಧಿಯ ಸಮೇತ ಮುಳುಗಿತು. ಅಜ್ಜ ದೊಡ್ಡ ಪಾತ್ರೆಯ ಮುಚ್ಚಳ ತಬ್ಬಿಕೊಂಡು ತೇಲುತ್ತ ದಡ ಸೇರಿದ. ಗೋಂದಣ್ಣ ಈ ಕಥೆಯನ್ನು ತುತ್ತಿನ ಜೊತೆಗೆ ನುಂಗಿ ಬೆಳೆದವನು.

ಕಥೆಗೆ ಕಲ್ಲು ಹಾಕಿದವನು ಅವನ ಅಕ್ಕನ ಗಂಡ. ಒಳ್ಳೆಯ ಮನುಷ್ಯನೇ, ಆದರೆ ಬಾಯಿಗೆ ಬಾಗಿಲಿಲ್ಲ. ಎರಡು ವರ್ಷದ ಹಿಂದೆ ಈ ಭಾವನ ಮಗಳ ಮದುವೆ ಮಾತುಕತೆಗೆ ಬೀಗರು ಬಂದು ಕೂತಿದ್ದಾಗ ಮುದುಕಿ ತಾಯಿ ಹುಂಜದ ಹಡಗಿನ ಕಥೆ ತೆಗೆದಳು. ಅವಳು ಮುಚ್ಚಳದವರೆಗೆ ಬರುವಷ್ಟರಲ್ಲಿ ಭಾವ ನಡುವೆ ಬಾಯಿ ಹಾಕಿ, "ಅತ್ತೆ, ತಾಮ್ರದ ಮುಚ್ಚಳ ತೇಲುತ್ತಾ? ಮನೇಲಿದೆ, ಬಾವಿಗೆ ಹಾಕಿ ನೋಡೋಣ್ವಾ?" ಎಂದ. ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮುದುಕಿಯೂ ನಕ್ಕಳು. ಆದರೆ ಆವತ್ತು ಕಥೆಗೆ ಬಿದ್ದ ಬೀಗ ಮತ್ತೆ ತೆರೆಯಲಿಲ್ಲ. ಮೊಮ್ಮಕ್ಕಳು ಕಥೆ ಕೇಳಿದರೆ, "ಅದೆಲ್ಲ ಸುಳ್ಳು ಕಂದ, ಅಳಿಯಂದಿರನ್ನೇ ಕೇಳಿ" ಎನ್ನುತ್ತಿದ್ದಳು. ಆ ಮಾತು ಗೋಂದಣ್ಣನ ಎದೆಯಲ್ಲಿ ದಬ್ಬಳ ಚುಚ್ಚಿದಂತಾಗುತ್ತಿತ್ತು. ಎಂಬತ್ತೆರಡು ವರ್ಷದ ಹೆಂಗಸು ತನ್ನ ಬಾಯಿಯಿಂದಲೇ ತನ್ನನ್ನು ಸುಳ್ಳಿ ಎಂದುಕೊಳ್ಳುವುದೆಂದರೇನು?

ಹೀಗಿರುವಾಗ ಬಂದರು ಕಚೇರಿಯಿಂದ ಒಂದು ಹಳೆಯ ಪುಸ್ತಕ ರಿಪೇರಿಗೆ ಬಂತು. ಗಾಳಿ, ಅಲೆ, ಉಬ್ಬರ ಇಳಿತಗಳನ್ನು ದಿನದಿನವೂ ಬರೆದಿಟ್ಟ ದಪ್ಪ ಪುಸ್ತಕ. ಮುಂದಿನ ರಟ್ಟು ತೇವ ಕುಡಿದು ಪದರ ಪದರವಾಗಿ ಬಾಯಿ ಬಿಟ್ಟಿತ್ತು. ಗೋಂದಣ್ಣ ಚಾಕುವಿನ ತುದಿಯಿಂದ ಒಂದು ಪದರ ಎತ್ತಿ ನೋಡಿದ. ಒಳಗೆ ಕೈಬರಹ. ಒದ್ದೆ ಬಟ್ಟೆ ಹಾಕಿ ಕಾದು ಮೇಲಿನ ಹಾಳೆಯನ್ನು ಬಿಡಿಸುವಷ್ಟರಲ್ಲಿ ಸಂಜೆಯಾಯಿತು. ಮೊದಲ ಸಾಲು ಓದಿದವನಿಗೆ ಕೂತಲ್ಲಿಂದ ಏಳಲಾಗಲಿಲ್ಲ. 'ಜನರು ಹುಂಜದ ಹಡಗು ಎಂದು ಕರೆಯುವ ನಾವೆ ಮುಳುಗಿದ ಬಗ್ಗೆ ನಡೆದ ವಿಚಾರಣೆ' ಎಂದಿತ್ತು.

ಅಡಿಯಲ್ಲಿ ಇನ್ನೆರಡು ಹಾಳೆಗಳಿದ್ದವು. ಎರಡನೆಯದರ ತಲೆಬರಹ ತೇವದಲ್ಲಿ ಮಸುಕಾಗಿ ಕಾಣುತ್ತಿತ್ತು: 'ಹಡಗಿನಲ್ಲಿದ್ದ ಸರಕು.' ನಿಧಿ ಅಲ್ಲೇ, ಒಂದು ಪದರ ಅಂಟಿನ ಕೆಳಗೆ. ಗೋಂದಣ್ಣ ಹೆಂಡತಿಗೆ ಮಾತ್ರ ಹೇಳಿದ. ಪೂರ್ತಿ ಕೈಗೆ ಬರುವವರೆಗೆ ಅಮ್ಮನಿಗೆ ಹೇಳಬೇಡ ಎಂದು ಆಣೆ ಹಾಕಿಸಿಕೊಂಡ. ಹೆಂಡತಿ ಆಣೆ ಉಳಿಸಿಕೊಂಡಳು. ಅಮ್ಮನಿಗೆ ಹೇಳಲಿಲ್ಲ, ಗಂಡನ ಅಕ್ಕನಿಗೆ ಹೇಳಿದಳು.

ಮರುದಿನ ಹತ್ತು ಗಂಟೆಗೆ ಭಾವ ಅಂಗಡಿಯ ಹೊಸ್ತಿಲಲ್ಲಿದ್ದ.

"ಏನಯ್ಯಾ, ನಿಧಿ ಸಿಕ್ತಂತೆ. ಚಿನ್ನ ನೀನೇ ಇಟ್ಕೋ. ಆ ಮುಚ್ಚಳ ಸಿಕ್ಕಿದ್ರೆ ಮಾತ್ರ ನಮ್ಮನೆಗೆ ಕೊಡು, ಹಾಲಿನ ಪಾತ್ರೆಗೆ ಮುಚ್ಚಳ ಇಲ್ಲ."

ಗೋಂದಣ್ಣನ ಕೋಪ ಮೂಗಿನ ತುದಿಯಲ್ಲೇ ಇರುವಂಥದ್ದು, ಹುಡುಕಿಕೊಂಡು ಹೋಗಬೇಕಿಲ್ಲ. ಈಗಲೇ ತೋರಿಸುತ್ತೇನೆ ನೋಡು ಎಂದು ಎದ್ದ. ಹಳೆಯ ಅಂಟು ಬಿಡಲು ಇಡೀ ದಿನ ಉಗುರುಬೆಚ್ಚಗಿನ ಬಟ್ಟೆ ಹಾಕಿ ಕಾಯಬೇಕೆಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೂವತ್ತೈದು ವರ್ಷದ ಕಸುಬು. ಆದರೆ ಕೈಗೆ ಸಿಕ್ಕಿದ್ದು ಸ್ಟವ್ ಮೇಲೆ ಕುದಿಯುತ್ತಿದ್ದ ಕೆಟಲು. ಹಾಗೆಯೇ ಸುರಿದ.

ಹಾಳೆ ಬಿಟ್ಟಿತು, ಬಿಡದೆ ಏನು. ಹಾಳೆಯ ಜೊತೆ ಶಾಯಿಯೂ ಬಿಟ್ಟಿತು. ಎರಡೇ ನಿಮಿಷದಲ್ಲಿ 'ಹಡಗಿನಲ್ಲಿದ್ದ ಸರಕು' ನೀಲಿ ಗಂಜಿಯಾಗಿ ಮೇಜಿನ ಅಂಚಿನಿಂದ ತೊಟ್ಟಿಕ್ಕತೊಡಗಿತು. ಭಾವ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಗೋಂದಣ್ಣ ತಲೆಯ ಮೇಲೆ ಕೈಹೊತ್ತು ಕೂತ. ಸಮುದ್ರ ಒಂದು ಸಲ ಮುಳುಗಿಸಿದ್ದನ್ನು ತಾನು ಇನ್ನೊಂದು ಸಲ ಮುಳುಗಿಸಿದೆ, ಅದೂ ಒಂದು ಕೆಟಲು ನೀರಿನಲ್ಲಿ. ಊಟದ ಡಬ್ಬಿ ತಂದ ಹೆಂಡತಿ ಎಲ್ಲ ಕೇಳಿ, ಭಾವನನ್ನು ಬೈದು, ಆಮೇಲೆ ಗಂಡನನ್ನೂ ಬೈದು, ಕಚೇರಿಗೆ ಹೋಗಿ ಇದ್ದದ್ದು ಇದ್ದಹಾಗೆ ಹೇಳಿಬನ್ನಿ ಎಂದಳು. ರದ್ದಿಯೊಳಗೆ ಏನಿತ್ತೆಂದು ಅವರಿಗೇನು ಗೊತ್ತು ಎಂದು ಅವನಿಗೂ ಒಂದು ಕ್ಷಣ ಅನಿಸಿತ್ತು. ಆದರೆ ಮುಚ್ಚಿಟ್ಟರೆ ಉಳಿದ ಹಾಳೆಯನ್ನು ಯಾರಿಗೆ ತೋರಿಸುವುದು? ಕದ್ದ ಸಾಕ್ಷಿಯಿಂದ ಅಮ್ಮನ ಮಾತು ನಿಜವಾಗುವುದು ಹೇಗೆ? ಗಂಜಿಯನ್ನು ತಟ್ಟೆಗೆ ಬಳಿದು, ಮೇಲೆ ಬಿಳಿ ಬಟ್ಟೆ ಮುಚ್ಚಿ ಹೊರಟ.

ಬಂದರು ಕಚೇರಿಯ ದಫ್ತರ ನೋಡಿಕೊಳ್ಳುವ ಮೇಡಂ ಎಂದರೆ ಸಾಹೇಬರುಗಳೂ ತಗ್ಗಿ ನಡೆಯುತ್ತಿದ್ದರು. ಆಕೆ ಬಟ್ಟೆ ಸರಿಸಿ ನೋಡಿದರು.

"ಇದೇನಿದು, ಹಿಟ್ಟಾ?"

"ನಿಮ್ಮ ಚರಿತ್ರೆ, ಮೇಡಂ. ನಾನೇ ಬೇಯಿಸಿಬಿಟ್ಟೆ."

ಆಕೆ ನಗಲೂ ಇಲ್ಲ, ಬೈಯಲೂ ಇಲ್ಲ. ಅದಕ್ಕಿಂತ ಎರಡು ಏಟು ಹಾಕಬಾರದಿತ್ತೇ ಎನ್ನಿಸಿತು ಅವನಿಗೆ. ಆಕೆ ಬಟ್ಟೆಯನ್ನು ಮತ್ತೆ ಮುಚ್ಚಿ, ಇನ್ನೆಷ್ಟು ಹಾಳೆ ಉಳಿದಿದೆ ಎಂದು ಕೇಳಿದರು. ಒಂದು ಎಂದ. ನಾಳೆ ತಾನೇ ಬಂದು ಎದುರಿಗೆ ಕೂರುವುದಾಗಿಯೂ, ಅಂಗಡಿಯಲ್ಲಿ ಕೆಟಲು ಕಾಣಿಸಬಾರದೆಂದೂ ಹೇಳಿ ಕಳಿಸಿದರು.

ಮರುದಿನ ಇಬ್ಬರೂ ಬೆಳಗಿನಿಂದ ಕೂತರು. ಗೋಂದಣ್ಣ ಬಟ್ಟೆ ಒದ್ದೆ ಮಾಡುವುದು, ಮೇಡಂ ಹಾಳೆಯ ಮೂಲೆ ಹಿಡಿಯುವುದು. ನಡುನಡುವೆ ಅವನು ಅಮ್ಮನ ಮುಚ್ಚಳದ ಕಥೆಯನ್ನೂ ಭಾವನ ಬಾವಿಯ ಮಾತನ್ನೂ ಹೇಳಿ ಮುಗಿಸಿದ. ಅವನು ಉಸಿರು ಬಿಗಿಹಿಡಿದಾಗ ಆಕೆಯೂ ಹಿಡಿಯುತ್ತಿದ್ದರು. ಮೂರು ಗಂಟೆಯ ಹೊತ್ತಿಗೆ ಹಾಳೆ ಒಂದು ಅಕ್ಷರವೂ ಕೆಡದೆ ಎದ್ದುಬಂತು. ಓದಿದ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು, "ಹೋಗಿ ತಾಯಿನ ಕರ್ಕೊಂಡ್ಬನ್ನಿ" ಎಂದರು.

ಮುದುಕಿ ಬಂದಳು. ಹೆಂಡತಿ ಬಂದಳು. ಅಕ್ಕ ಗಂಡನನ್ನು ಎಳೆದುಕೊಂಡೇ ಬಂದಳು. ಅವನು ಬಾಗಿಲ ಬಳಿ ರಟ್ಟಿನ ಕಟ್ಟಿನ ಮೇಲೆ ಕುಕ್ಕರಿಸಿದ. ಮೇಡಂ ಎದ್ದುನಿಂತು ಓದಿದರು:

'ನಾನು ಆ ಹಡಗಿನ ಅಡುಗೆಯವನು. ಹಡಗು ವಾಲಿದಾಗ ದೊಡ್ಡ ಪಾತ್ರೆಯ ಮರದ ಮುಚ್ಚಳ ಹಿಡಿದುಕೊಂಡೆ. ಬೆಳಗಾದಾಗ ದಡದಲ್ಲಿದ್ದೆ. ಮುಚ್ಚಳ ಹಡಗಿನವರದು. ಸದ್ಯ ನನ್ನ ಮನೆಯಲ್ಲಿದೆ. ಕೇಳಿದರೆ ವಾಪಸು ಕೊಡುತ್ತೇನೆ.'

ಮುದುಕಿ ಅಳಿಯನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ, "ಮರ ತೇಲುತ್ತಲ್ವಾ ಅಳಿಯಂದಿರೇ?" ಎಂದಳು.

"ತೇಲುತ್ತೆ ಅತ್ತೆ," ಎಂದ ಅವನು, ತಲೆ ಎತ್ತದೆ. "ನನ್ನ ನಾಲಗೆನೇ ಸ್ವಲ್ಪ ಉದ್ದ."

ಗೋಂದಣ್ಣನಿಗೆ ಖುಷಿಯಾಗಬೇಕಿತ್ತು. ಆದರೆ ಗಂಜಿಯ ತಟ್ಟೆ ಕಣ್ಣೆದುರೇ ಇತ್ತು. ಅಮ್ಮನ ಕಾಲಬುಡದಲ್ಲಿ ಕೂತು, ನಿಧಿಯ ಪಟ್ಟಿ ತನ್ನ ಕೈಯಾರೆ ಹಾಳಾಯಿತೆಂದೂ, ಎಷ್ಟು ಚಿನ್ನವಿತ್ತೋ ಇನ್ನು ಯಾರಿಗೂ ತಿಳಿಯುವುದಿಲ್ಲವೆಂದೂ ಒಪ್ಪಿಸಿದ.

ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಯಾವ ಚಿನ್ನ? ಅದು ಈರುಳ್ಳಿ ಹಡಗು."

"ನಿಧಿ ಅಂತಿದ್ದೆ ನೀನು?"

"ನಿನಗೆ ನಾಲ್ಕು ವರ್ಷ. ಈರುಳ್ಳಿ ಅಂದ್ರೆ ಬಾಯಿ ಬಿಡ್ತಿರಲಿಲ್ಲ, ನಿಧಿ ಅಂದ್ರೆ ತುತ್ತು ಹೋಗ್ತಿತ್ತು. ಆಮೇಲೆ ನೀನೇ ಚಿನ್ನ ಅಂದೆ, ವಜ್ರ ಅಂದೆ. ಊಟ ಮಾಡ್ತಿದೀಯಲ್ಲ ಅಂತ ನಾನೂ ಸುಮ್ಮನಿದ್ದೆ."

ಮೊದಲು ನಕ್ಕವರು ಮೇಡಂ. ಆಮೇಲೆ ಎಲ್ಲರೂ, ಕೊನೆಗೆ ಗೋಂದಣ್ಣನೂ. ನಗು ನಿಲ್ಲುವುದರೊಳಗೆ ಮುದುಕಿ ಶುರುಮಾಡಿಯೇ ಬಿಟ್ಟಿದ್ದಳು. ಮೂರು ತಿಂಗಳು ದಡವೆಲ್ಲ ಈರುಳ್ಳಿ ವಾಸನೆಯಂತೆ. ಊರ ಜನ ಬುಟ್ಟಿಗಟ್ಟಲೆ ಆರಿಸಿಕೊಂಡು ಹೋದರಂತೆ. ಆ ವರ್ಷ ಯಾರ ಮನೆಯಲ್ಲಿ ಅತ್ತರೂ ದುಃಖಕ್ಕೋ ಈರುಳ್ಳಿಗೋ ತಿಳಿಯುತ್ತಿರಲಿಲ್ಲವಂತೆ. ಇದು ಗೋಂದಣ್ಣನೂ ಕೇಳಿರದ ಭಾಗ. "ಆಮೇಲೆ?" ಎಂದು ಕೇಳಿದವನು ಅಳಿಯ.

ವಿಚಾರಣೆಯ ಎರಡು ಹಾಳೆಗಳು ಗಾಜಿನ ಚೌಕಟ್ಟಿನಲ್ಲಿ ಬಂದರು ಕಚೇರಿಗೆ ಹೋದವು. ಪುಸ್ತಕಕ್ಕೆ ಹೊಸ ರಟ್ಟು ಬೇಕಾಯಿತು. ಅಂಗಡಿಯಲ್ಲಿ ಸಿದ್ಧ ರಟ್ಟು ಬೇಕಾದಷ್ಟಿತ್ತು, ಆದರೂ ಗೋಂದಣ್ಣ ಹಳೆಯ ಪದ್ಧತಿಯಲ್ಲಿ ಹಾಳೆಯ ಮೇಲೆ ಹಾಳೆ ಅಂಟಿಸಿದ. ಅದಕ್ಕೂ ಮೊದಲು ನಾಲ್ಕನೇ ತರಗತಿಯ ತನ್ನ ದಪ್ಪ ಅಕ್ಷರದಲ್ಲಿ, ಅಮ್ಮ ಹೇಳಿದ ಹಾಗೆಯೇ ಒಂದು ಹಾಳೆ ತುಂಬ ಬರೆದ. ಭಾವ ಪಕ್ಕದಲ್ಲಿ ಕೂತು, ಸ್ವಲ್ಪ ಚಿನ್ನವನ್ನೂ ಸೇರಿಸು, ನೂರು ವರ್ಷದ ಮೇಲೆ ಸಿಕ್ಕವರು ಸಮುದ್ರ ಅಗೆಯಲಿ ಎಂದು ಸಲಹೆ ಕೊಟ್ಟ. ಮುದುಕಿ ಕುರ್ಚಿಯಿಂದಲೇ, "ಈರುಳ್ಳಿ ಅಂತಲೇ ಬರಿ" ಎಂದಳು.

ಗೋಂದಣ್ಣ ಹಾಗೆಯೇ ಬರೆದು, ಅಂಟು ಸವರಿ, ಹಾಳೆಯನ್ನು ರಟ್ಟಿನ ನಡುವೆ ಇಟ್ಟ. ಬರಹದ ಮಗ್ಗುಲು ಮೇಲೆ ಬರುವಂತೆ ಇಟ್ಟ.